ಗಾಯ ಮಾಯುವ ತನಕ

ಡಿಸೆಂಬರ್ ಕೊನೆಯ ವಾರದ ಒಂದು ಬೆಳಿಗ್ಗೆ, ಬನಶಂಕರಿಯ ನಮ್ಮ ಬಾಡಿಗೆ ಮನೆಯ ಬಚ್ಚಲಿನಲ್ಲಿ, ಪ್ಲಾಸ್ಟಿಕ್ ಟಬ್ಬಿನ ಬಿಸಿನೀರಿನಲ್ಲಿ ಕುಳಿತುಕೊಂಡು ನಾನು ದಿನಗಳನ್ನು ಎಣಿಸಿದೆ. ಗುದದ್ವಾರದ ಬಿರುಕಿಗೆ, ಅಂದರೆ ವೈದ್ಯರು ಫಿಶರ್ ಎನ್ನುವ ಸೀಳುಗಾಯಕ್ಕೆ, ಶಸ್ತ್ರಚಿಕಿತ್ಸೆಯಾಗಿ ಅಂದಿಗೆ 42 ದಿನಗಳಾಗಿದ್ದವು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ನಾಲ್ಕರಿಂದ ಆರು ವಾರಗಳಲ್ಲಿ ಗಾಯ ಮಾಯುತ್ತದೆ ಎಂದಿದ್ದರು. ನಾನು ಆ ಮಾತಿನಲ್ಲಿ ‘ಆರು’ ಎಂಬುದೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡು, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಸುತ್ತ ಪೆನ್ಸಿಲಿನಿಂದ ಒಂದು ಸೊನ್ನೆ ಸುತ್ತಿಟ್ಟಿದ್ದೆ. ಆ ದಿನ ಬಂದಿತ್ತು. ಶೌಚಕ್ಕೆ ಹೋಗಿ ಬಂದು ಎರಡೂವರೆ ಗಂಟೆಯಾಗಿದ್ದರೂ ಉರಿ ಇಳಿದಿರಲಿಲ್ಲ, ಟಬ್ಬಿನ ನೀರು ಆರಿತ್ತು, ಬಾಗಿಲ ಹೊರಗಿನಿಂದ ಅತ್ತೆಯವರು “ಏನಮ್ಮ, ಇನ್ನೂ ಆಗಲಿಲ್ವಾ?” ಎಂದು ಕೇಳಿದರು. ಅವರು ಕೇಳಿದ್ದು ಸ್ನಾನದ ಬಗ್ಗೆ. ನನಗೆ ಮಾತ್ರ ಗಾಯದ ಬಗ್ಗೆಯೇ ಕೇಳಿದ ಹಾಗಾಗಿ ಅಳು ಬಂತು.

ಇದನ್ನು ಬರೆಯುತ್ತಿರುವ ಹೊತ್ತಿಗೆ ಆ ಗಾಯ ಮಾದಿದೆ. ಆರು ವಾರಗಳ ಬದಲಿಗೆ ಹದಿನಾಲ್ಕು ವಾರಗಳನ್ನು ತೆಗೆದುಕೊಂಡಿತು. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಆ ಹೆಚ್ಚಿನ ಎಂಟು ವಾರಗಳ ಕುರಿತು. ಆ ದಿನಗಳಲ್ಲಿ ಕನ್ನಡದಲ್ಲಿ ನನಗೆ ಓದಲು ಸಿಕ್ಕಿದ್ದೆಲ್ಲ ಈ ಕಾಯಿಲೆ ಏಕೆ ಬರುತ್ತದೆ, ಯಾವ ಸೊಪ್ಪು ತಿನ್ನಬೇಕು ಎಂಬ ವಿಚಾರವೇ. ಆಪರೇಷನ್ ಆದ ಮೇಲೂ ನೋವು ಉಳಿದರೆ, ಎಲ್ಲರೂ ‘ಇನ್ನು ಸರಿಹೋಯಿತಲ್ಲ’ ಎಂದುಕೊಂಡಿರುವಾಗ, ಮನುಷ್ಯರು ದಿನವನ್ನು ದೂಡುವುದು ಹೇಗೆ ಎಂಬುದನ್ನು ಬರೆದವರು ನನಗೆ ಸಿಗಲಿಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಈ ಕಾಯಿಲೆಯ ಬೇರು ನನ್ನ ಮಟ್ಟಿಗೆ ಆ ವೃತ್ತಿಯಲ್ಲಿಯೇ ಇದೆ ಎಂದು ನಂಬಿದ್ದೇನೆ. ನಮ್ಮ ಶಾಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಶಿಕ್ಷಕಿಯರಿಗೆ ಕೆಳಗಿನ ಮಹಡಿಯಲ್ಲಿ ಒಂದೇ ಶೌಚಾಲಯವಿತ್ತು, ಮಧ್ಯಾಹ್ನದ ಹೊತ್ತಿಗೆ ನಲ್ಲಿಯಲ್ಲಿ ನೀರು ನಿಲ್ಲುತ್ತಿತ್ತು. ಆದ್ದರಿಂದ ನಾವೆಲ್ಲ ಯಾರೂ ಹೇಳಿಕೊಡದೆಯೇ ಕಲಿತದ್ದೆಂದರೆ ನೀರು ಕುಡಿಯದಿರುವುದು. ಬೆಳಿಗ್ಗೆ ಎಂಟೂವರೆಗೆ ತುಂಬಿಸಿಕೊಂಡು ಹೋದ ಬಾಟಲಿ ಸಂಜೆ ನಾಲ್ಕಕ್ಕೆ ಅರ್ಧ ತುಂಬಿದಂತೆಯೇ ಮನೆಗೆ ಮರಳುತ್ತಿತ್ತು. ತಿಂಡಿ ತಿಂದ ಸ್ವಲ್ಪ ಹೊತ್ತಿಗೆ ಕರುಳು ತಾನಾಗಿಯೇ ಚಲಿಸುವುದು ದೇಹದ ಸಹಜ ಕ್ರಮ. ಆದರೆ ಆ ಹೊತ್ತಿಗೆ ನಾನು ದಾರಿಯಲ್ಲಿಯೋ ಪ್ರಾರ್ಥನೆಯ ಸಾಲಿನಲ್ಲಿಯೋ ಮೊದಲನೆಯ ಪೀರಿಯಡ್ಡಿನಲ್ಲಿಯೋ ಇರುತ್ತಿದ್ದೆ. ತಡೆದುಕೊಂಡರೆ ಕರೆ ಅಡಗುತ್ತದೆ, ಆದರೆ ದೊಡ್ಡ ಕರುಳು ಸುಮ್ಮನಿರುವುದಿಲ್ಲ; ತನ್ನಲ್ಲಿ ಉಳಿದದ್ದರಿಂದ ನೀರನ್ನು ಹೀರುತ್ತಲೇ ಇರುತ್ತದೆ. ಹೀಗೆ ಹನ್ನೊಂದು ವರ್ಷ. ಮಕ್ಕಳು ಎರಡು ಬೆರಳೆತ್ತಿ “ಮಿಸ್, ಎರಡಕ್ಕೆ” ಎಂದಾಗ “ಪೀರಿಯಡ್ ಮುಗೀಲಿ, ಕೂತ್ಕೋ” ಎಂದವಳೂ ನಾನೇ. ಅದು ಈಗ ನನ್ನನ್ನು ಚುಚ್ಚುತ್ತದೆ.

ಒಂದು ದಿನ ಗಟ್ಟಿಯಾದ ಮಲ ಹೊರಬರುವಾಗ ಬ್ಲೇಡಿನಿಂದ ಕೊಯ್ದ ಹಾಗೆ ನೋವಾಯಿತು, ಕೆಂಪು ರಕ್ತ ಕಾಣಿಸಿತು. ಆಯುರ್ವೇದದಲ್ಲಿ ಈ ನೋವಿಗೆ ಪರಿಕರ್ತಿಕಾ ಎಂಬ ಹೆಸರಿದೆ ಎಂದು ಆಮೇಲೆ ತಿಳಿಯಿತು. ಸುತ್ತಲೂ ಕತ್ತರಿಸಿದಂತಾಗುವುದು ಎಂದು ಅದರ ಅರ್ಥ, ನಮ್ಮ ‘ಕತ್ತರಿ’ಯೂ ಅದೇ ಧಾತುವಿನಿಂದ ಬಂದ ಮಾತು. ಭಾಷೆಯನ್ನು ಕಲಿಸುವವಳಾಗಿ ಹೇಳುತ್ತೇನೆ, ಈ ಕಾಯಿಲೆಗೆ ಇದಕ್ಕಿಂತ ನಿಖರವಾದ ಹೆಸರಿರಲಾರದು. ಆದರೆ ಆವತ್ತು ನನಗೆ ಗೊತ್ತಿದ್ದದ್ದು ಮೂಲವ್ಯಾಧಿ ಎಂಬ ಒಂದೇ ಪದ. ಆ ಜಾಗದಲ್ಲಿ ಏನೇ ಆದರೂ ನಮ್ಮಲ್ಲಿ ಅದಕ್ಕೆ ಮೂಲವ್ಯಾಧಿ ಎಂದೇ ಹೆಸರು. ಮೆಡಿಕಲ್ ಶಾಪಿನಲ್ಲಿ ದನಿ ತಗ್ಗಿಸಿ ಕೇಳಿ ತಂದ ಮುಲಾಮಿನಲ್ಲಿ ಒಂದು ವರ್ಷ ಕಳೆದೆ. ಮೂಲವ್ಯಾಧಿಯೆಂದರೆ ಉಬ್ಬಿದ ರಕ್ತನಾಳಗಳು, ಬಿರುಕೆಂದರೆ ಹರಿದ ಚರ್ಮ. ಒಂದರ ಔಷಧದಿಂದ ಇನ್ನೊಂದು ವಾಸಿಯಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ದಾರಿಯಲ್ಲಿ ರಕ್ತ ಕಾಣಿಸಿಕೊಂಡರೆ ಅದು ಯಾವುದರದೆಂದು ವೈದ್ಯರು ಒಮ್ಮೆ ನೋಡಿಯೇ ಹೇಳಬೇಕು, ನಾವೇ ತೀರ್ಮಾನಿಸಿಕೊಳ್ಳಬಾರದು. ನಾಚಿಕೆಯಿಂದ ನಾನು ಒಂದು ವರ್ಷವನ್ನು ಕಳೆದುಕೊಂಡೆ. ಗಾಯವು ಎಂಟು ವಾರಗಳನ್ನು ದಾಟಿ ಉಳಿದರೆ ಅದು ಹಳೆಯ ಬಿರುಕು ಎನಿಸಿಕೊಳ್ಳುತ್ತದೆ. ಅಂಚು ಗಟ್ಟಿಯಾಗುತ್ತದೆ, ಹೊರತುದಿಯಲ್ಲಿ ಚರ್ಮದ ಒಂದು ಸಣ್ಣ ಕುಚ್ಚು ಬೆಳೆಯುತ್ತದೆ. ನಾನು ಮೂಲವ್ಯಾಧಿಯ ಮೊಳೆ ಎಂದುಕೊಂಡಿದ್ದದ್ದು ಆ ಕುಚ್ಚನ್ನೇ.

ಕೊನೆಗೆ ನಾನು ಹೋದ ಶಸ್ತ್ರವೈದ್ಯೆ ಒಂದು ಹಾಳೆಯ ಮೇಲೆ ಎರಡು ಉಂಗುರಗಳನ್ನು ಬರೆದು ತೋರಿಸಿದರು. ಹೊರಗಿನ ಉಂಗುರ ನಮ್ಮ ಮಾತು ಕೇಳುವ ಸ್ನಾಯು. ಬಿಗಿ ಹಿಡಿ ಎಂದರೆ ಹಿಡಿಯುತ್ತದೆ, ಬಿಡು ಎಂದರೆ ಬಿಡುತ್ತದೆ. ಒಳಗಿನದು ನಮ್ಮ ಅಧೀನದಲ್ಲಿಲ್ಲ. ನಾವು ನಿದ್ದೆಯಲ್ಲಿದ್ದಾಗಲೂ ಬಾಗಿಲು ಮುಚ್ಚಿಕೊಂಡಿರುವುದು ಬಹುಪಾಲು ಅದರಿಂದ. ಗಾಯವಾದಾಗ ಈ ಒಳಸ್ನಾಯು ನೋವಿಗೆ ಬಿಗಿದುಕೊಳ್ಳುತ್ತದೆ. ಬಿಗಿದುಕೊಂಡರೆ ಗಾಯಕ್ಕೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ, ಅದರಲ್ಲಿಯೂ ಹಿಂಭಾಗದ ನಡುಗೆರೆಯಲ್ಲಿ ಮೊದಲೇ ರಕ್ತದ ಹರಿವು ಕಡಿಮೆ, ಹೆಚ್ಚಿನ ಬಿರುಕುಗಳು ಅಲ್ಲಿಯೇ ಆಗುವುದು ಆ ಕಾರಣದಿಂದ. ರಕ್ತವಿಲ್ಲದ ಗಾಯ ಮಾಯುವುದಿಲ್ಲ, ಮಾಯದ ಗಾಯ ನೋಯುತ್ತದೆ, ನೋವಿಗೆ ಸ್ನಾಯು ಮತ್ತೆ ಬಿಗಿಯುತ್ತದೆ. “ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತೆ ಇದು, ಎಲ್ಲಾದರೂ ಒಂದು ಕಡೆ ನಿಲ್ಲಿಸಬೇಕು” ಎಂದರು. ರಕ್ತದೊತ್ತಡಕ್ಕೂ ಹೃದಯಕ್ಕೂ ಕೊಡುವ ಡಿಲ್ಟಿಯಾಜೆಮ್ ಎಂಬ ಔಷಧವನ್ನು ಶೇಕಡ 2ರ ಮುಲಾಮಾಗಿ ಎಂಟು ವಾರ ಹಚ್ಚಿದೆ, ಅದು ಸ್ನಾಯುವನ್ನು ಸಡಿಲಿಸುತ್ತದೆ. ಎಷ್ಟೋ ಜನರಿಗೆ ಅಷ್ಟರಲ್ಲಿಯೇ ವಾಸಿಯಾಗುತ್ತದೆ. ನನಗೆ ಅರ್ಧ ಮಾತ್ರ ಆಯಿತು. ನವೆಂಬರ್ ನಡುವಿನಲ್ಲಿ, ರಾಜ್ಯೋತ್ಸವದ ಕಾರ್ಯಕ್ರಮಗಳ ಗಡಿಬಿಡಿ ಮುಗಿದ ಮೇಲೆ, ಒಳಸ್ನಾಯುವಿನ ಸ್ವಲ್ಪ ಭಾಗವನ್ನು ಪಕ್ಕದಿಂದ ಕೊಯ್ದು ಸಡಿಲಗೊಳಿಸುವ ಶಸ್ತ್ರಚಿಕಿತ್ಸೆ ಮಾಡಿದರು, ಆ ಕುಚ್ಚನ್ನೂ ತೆಗೆದರು. ಬೆನ್ನಿಗೆ ಅರಿವಳಿಕೆ ಕೊಟ್ಟಿದ್ದರು. ಮಾರನೆಯ ದಿನ ಮನೆಗೆ ಬಂದೆ.

ಮೊದಲ ವಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಎಲ್ಲರೂ ನಿರೀಕ್ಷಿಸಿರುವ ನೋವು. ಮನೆಯವರು ರಜೆ ಹಾಕಿ ಪಕ್ಕದಲ್ಲಿರುತ್ತಾರೆ, ಗಂಜಿ ಬರುತ್ತದೆ, ನೋವಿನ ಮಾತ್ರೆ ಇರುತ್ತದೆ. ಒಂದು ಮಾತನ್ನು ಮಾತ್ರ ಮೊದಲೇ ತಿಳಿದಿದ್ದರೆ ಚೆನ್ನಾಗಿತ್ತು: ಕೆಲವು ಬಲವಾದ ನೋವುನಿವಾರಕಗಳು ಮಲಬದ್ಧತೆಯನ್ನು ತರುತ್ತವೆ. ನನಗೆ ಕೊಟ್ಟಿದ್ದ ಟ್ರಮಡಾಲ್ ಅಂಥದ್ದು. ಅದನ್ನು ನುಂಗುವ ದಿನಗಳಲ್ಲಿ ಮಲವನ್ನು ಮೆದುವಾಗಿಸುವ ಸಿರಪ್ಪನ್ನು ಒಂದು ಹೊತ್ತೂ ತಪ್ಪಿಸಬಾರದಿತ್ತು, ನಾನು ಎರಡು ದಿನ ತಪ್ಪಿಸಿದೆ.

ಕಷ್ಟ ಶುರುವಾದದ್ದು ನಾಲ್ಕನೆಯ ವಾರದಲ್ಲಿ, ಶಾಲೆಗೆ ಮರಳಿದ ಮೇಲೆ. ರಜೆಯ ಅರ್ಜಿಯಲ್ಲಿ ‘ಸಣ್ಣ ಶಸ್ತ್ರಚಿಕಿತ್ಸೆ’ ಎಂದು ಬರೆದಿದ್ದೆ. ಸಹೋದ್ಯೋಗಿಗಳು ಗರ್ಭಕೋಶದ ತೊಂದರೆ ಎಂದುಕೊಂಡರು, ನಾನು ತಿದ್ದಲಿಲ್ಲ. ಗರ್ಭಕೋಶವಾದರೆ ಹೆಂಗಸರ ನಡುವೆ ಹೇಳಿಕೊಳ್ಳಬಹುದಾದ ನೋವು, ಅದಕ್ಕೆ ಒಂದು ಮರ್ಯಾದೆ ಇದೆ. ಇದಕ್ಕೆ ಇಲ್ಲ. ಹೀಗೆ ನಾನು ಅನುಭವಿಸುತ್ತಿದ್ದ ನೋವು ಒಂದು, ನನಗೆ ಸಿಗುತ್ತಿದ್ದ ಸಾಂತ್ವನ ಇನ್ನೊಂದಕ್ಕೆ ಸೇರಿದ್ದಾಗಿ, ಆ ಸಾಂತ್ವನ ನನ್ನನ್ನು ಮುಟ್ಟುತ್ತಲೇ ಇರಲಿಲ್ಲ. ಆಟೋದಲ್ಲಿ ಕೂರುವುದು ಅಸಾಧ್ಯವಾಗಿತ್ತು. ನಮ್ಮ ರಸ್ತೆಯಿಂದ ಬನಶಂಕರಿ ಸ್ಟೇಷನ್ನಿಗೆ ಹೋಗುವಷ್ಟರಲ್ಲಿ ಬರುವ ಒಂದೊಂದು ಹಂಪ್ ಕೂಡ ನನಗೆ ಎಣಿಕೆಯಲ್ಲಿತ್ತು. ಆದ್ದರಿಂದ ನಡೆದೇ ಹೋಗಿ, ಮೆಟ್ರೋದಲ್ಲಿ ನ್ಯಾಷನಲ್ ಕಾಲೇಜ್ ಸ್ಟೇಷನ್ನಿನ ತನಕ ನಿಂತೇ ಇರುತ್ತಿದ್ದೆ. ಖಾಲಿ ಸೀಟಿನ ಪಕ್ಕದಲ್ಲಿ ನಿಂತ ನನ್ನನ್ನು ನೋಡಿ ಹುಡುಗಿಯರು “ಕೂತ್ಕೊಳಿ ಆಂಟಿ” ಎನ್ನುತ್ತಿದ್ದರು, ನಾನು “ಪರವಾಗಿಲ್ಲಮ್ಮ, ಮುಂದಿನ ಸ್ಟಾಪೇ” ಎಂದು ದಿನವೂ ಸುಳ್ಳು ಹೇಳುತ್ತಿದ್ದೆ. ಪಾಠವನ್ನು ನಿಂತು ಮಾಡುವುದು ನನ್ನ ಅದೃಷ್ಟ. ಸ್ಟಾಫ್ ರೂಮಿನಲ್ಲಿ ಮಾತ್ರ ಬೀರುವಿಗೆ ಒರಗಿ ನೋಟ್‌ಬುಕ್ ತಿದ್ದುತ್ತಿದ್ದೆ. ಮೊದಲ ಎರಡು ತಿಂಗಳು ಗಾಳಿಯನ್ನು ತಡೆದುಕೊಳ್ಳುವ ಶಕ್ತಿಯೂ ಕಡಿಮೆಯಾಗಿತ್ತು. ಸ್ನಾಯು ಕೊಯ್ಯುವ ಈ ಶಸ್ತ್ರಚಿಕಿತ್ಸೆಯಲ್ಲಿ ಅಂಥದ್ದು ಆಗಬಹುದೆಂದು ಮೊದಲೇ ತಿಳಿಸಿ ಸಹಿ ಹಾಕಿಸಿಕೊಂಡಿದ್ದರು. ನನಗೆ ಅದು ಪೂರ್ತಿ ಸರಿಹೋಯಿತು, ಆದರೆ ಸರಿಹೋಗುವ ತನಕ ನಲವತ್ತು ಮಕ್ಕಳ ಎದುರು ನಿಲ್ಲುವ ಆತಂಕ ಎಷ್ಟೆಂದು ನಿಂತವರಿಗೇ ಗೊತ್ತು.

ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನವೂ ಬರೆದಿಡುತ್ತಿದ್ದೆ: ಎಷ್ಟು ಹೊತ್ತಿಗೆ ಶೌಚವಾಯಿತು, ಮಲ ಹೇಗಿತ್ತು, ನೋವು ಎಷ್ಟು ನಿಮಿಷ ಉಳಿಯಿತು. ಎರಡನೆಯ ವಾರದಲ್ಲಿ ನಾಲ್ಕು ಗಂಟೆ ಇದ್ದ ನೋವು ನಾಲ್ಕನೆಯ ವಾರದಲ್ಲಿ ಒಂದೂಕಾಲು ಗಂಟೆಗೆ ಇಳಿದಿತ್ತು, ಐದನೆಯದರಲ್ಲಿ ಮತ್ತೆ ಎರಡು ದಾಟಿತು. ಆ ಏರಿಕೆಯನ್ನು ನೋಡಿದ ದಿನ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಊಟವನ್ನು ಕಡಿಮೆ ಮಾಡಿದೆ. ಒಳಗೆ ಹೋಗುವುದು ಕಡಿಮೆಯಾದರೆ ಹೊರಗೆ ಬರುವುದೂ ಕಡಿಮೆಯಾದೀತು, ನೋವೂ ಎರಡು ದಿನಕ್ಕೊಮ್ಮೆ ಆದೀತು ಎಂಬ ಲೆಕ್ಕ. ಬೆಳಿಗ್ಗೆ ಒಂದು ಲೋಟ ಕಾಫಿ, ರಾತ್ರಿ ಎರಡು ಚಪಾತಿ. ನಡೆದದ್ದು ತದ್ವಿರುದ್ಧ, ಕಡಿಮೆ ತಿಂದವರ ಮಲ ಕಡಿಮೆಯೂ ಗಟ್ಟಿಯೂ ಆಗಿ, ಎರಡು ದಿನಕ್ಕೊಮ್ಮೆ ಬರುವುದು ಕಲ್ಲಿನ ಹಾಗಾಯಿತು. ನನ್ನ ಹಾಗೆ ಯೋಚಿಸುತ್ತಿರುವವರು ಈಗಲೂ ಯಾರಾದರೂ ಇದ್ದರೆ, ದಯವಿಟ್ಟು ಊಟ ಬಿಡಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಮನೆಯಲ್ಲಿ ಸಲಹೆಗಳಿಗೆ ಕೊರತೆಯಿರಲಿಲ್ಲ. ಎಲ್ಲರಿಗೂ ಇದು ಉಷ್ಣ. ಅತ್ತೆಯವರು ಸುವರ್ಣಗೆಡ್ಡೆಯ ಪಲ್ಯವನ್ನು ವಾರಕ್ಕೆ ಮೂರು ಸಲ ಮಾಡಿದರು. ಅದಕ್ಕೆ ಸಂಸ್ಕೃತದಲ್ಲಿ ಅರ್ಶೋಘ್ನ, ಮೂಲವ್ಯಾಧಿಯನ್ನು ಕೊಲ್ಲುವಂಥದ್ದು, ಎಂಬ ಹೆಸರೇ ಇರುವುದರಿಂದ ಅವರ ನಂಬಿಕೆಗೆ ಆಧಾರವಿಲ್ಲವೆಂದು ನಾನು ಹೇಳಲಾರೆ. ಟಬ್ಬಿನ ನೀರಿಗೆ ಉಪ್ಪು, ಸ್ಫಟಿಕ, ಡೆಟಾಲ್ ಹಾಕಬೇಕೆಂದು ಒಬ್ಬೊಬ್ಬರು ಒಂದೊಂದನ್ನು ಹೇಳಿದರು. ವೈದ್ಯೆ ಹೇಳಿದ್ದು ಬರಿಯ ಬಿಸಿನೀರು, ಹತ್ತರಿಂದ ಹದಿನೈದು ನಿಮಿಷ, ದಿನಕ್ಕೆ ಮೂರು ಸಲ. ಕೆಲಸ ಮಾಡುವುದು ಶಾಖ, ಅದು ಬಿಗಿದ ಸ್ನಾಯುವನ್ನು ಬಿಡಿಸುತ್ತದೆ, ಡೆಟಾಲ್ ಹಾಕಿದರೆ ಹಸಿಗಾಯದ ಚರ್ಮ ಉರಿಯುತ್ತದೆ ಅಷ್ಟೆ. ಮೋಡ ಮುಸುಕಿದ ಡಿಸೆಂಬರಿನಲ್ಲಿ ತಾರಸಿಯ ಸೋಲಾರ್ ನೀರು ಉಗುರುಬೆಚ್ಚಗೂ ಇರುತ್ತಿರಲಿಲ್ಲ. ನಮ್ಮ ಮನೆಯವರು ಬೆಳಗಿನ ಐದೂವರೆಗೆ ಎದ್ದು ಗೀಸರ್ ಹಾಕಿ, ಟಬ್ಬು ತುಂಬಿಸಿಟ್ಟು, ಮತ್ತೆ ಹೋಗಿ ಮಲಗುತ್ತಿದ್ದರು. ಅದರ ಬಗ್ಗೆ ಅವರು ಒಂದು ದಿನವೂ ಒಂದು ಮಾತೂ ಆಡಲಿಲ್ಲ. ಆ ಮೌನವನ್ನು ನಾನು ಮರೆಯುವುದಿಲ್ಲ.

ರಾತ್ರಿಗಳಲ್ಲಿ ನಿದ್ದೆ ಬಾರದೆ ಮೊಬೈಲಿನಲ್ಲಿ ಓದುತ್ತಿದ್ದೆ. ಒಳಸ್ನಾಯುವನ್ನು ಕೊಯ್ಯುವ ಈ ದಾರಿಯನ್ನು 1951ರಲ್ಲಿ ದಕ್ಷಿಣ ಆಫ್ರಿಕಾದ ಐಸೆನ್‌ಹ್ಯಾಮರ್ ಎಂಬ ಶಸ್ತ್ರವೈದ್ಯರು ವಿವರಿಸಿದರು, ಮೊದಲು ಹಿಂಭಾಗದ ನಡುವಿನಲ್ಲಿ ಕೊಯ್ಯುತ್ತಿದ್ದುದನ್ನು ಬಿಟ್ಟು ಪಕ್ಕದಲ್ಲಿ ಕೊಯ್ಯುವುದು ಆಮೇಲೆ ರೂಢಿಗೆ ಬಂತು ಎಂದೆಲ್ಲ ತಿಳಿದುಕೊಂಡೆ. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನರಿಗೆ ಇದರಿಂದ ವಾಸಿಯಾಗುತ್ತದೆ ಎಂಬುದನ್ನೂ ಓದಿದೆ. ಶಸ್ತ್ರಚಿಕಿತ್ಸೆಗೆ ಮೊದಲು ಈ ಅಂಕಿ ನನಗೆ ಧೈರ್ಯ ಕೊಟ್ಟಿತ್ತು. ಆರು ವಾರ ದಾಟಿದ ಮೇಲೆ ಅದೇ ಅಂಕಿ ಹೆದರಿಸಿತು, ಏಕೆಂದರೆ ಉಳಿದ ಒಬ್ಬರು ನಾನೇ ಎಂದು ರಾತ್ರಿ ಎರಡು ಗಂಟೆಗೆ ಖಚಿತವಾಗಿಬಿಡುತ್ತಿತ್ತು. ಬೆಳಗಾಗುವುದೆಂದರೆ ಭಯ. ಇಸಬ್ಗೋಲ್ ಕುಡಿದು ಮಲಗಿದವಳಿಗೆ ಬೆಳಿಗ್ಗೆ ಹೊಟ್ಟೆಯಲ್ಲಿ ಮೊದಲ ಸದ್ದಾದ ಕೂಡಲೆ ಅಂಗೈ ಬೆವರುತ್ತಿತ್ತು, ಹಲ್ಲು ಕಚ್ಚಿಕೊಳ್ಳುತ್ತಿತ್ತು, ತೊಡೆಗಳು ಬಿಗಿಯುತ್ತಿದ್ದವು.

ಕ್ಯಾಲೆಂಡರಿನ ಸೊನ್ನೆ ದಾಟಿದ ವಾರವೇ ಮತ್ತೆ ವೈದ್ಯೆಯ ಬಳಿಗೆ ಹೋದೆ. ನೋಟ್‌ಬುಕ್ಕನ್ನು ಕೊಟ್ಟೆ. ಅವರು ಪುಟಗಳನ್ನು ತಿರುವಿ, ಪರೀಕ್ಷೆ ಮಾಡಿ, ಹಳೆಯ ಬಿರುಕು ಮುಚ್ಚುತ್ತಿದೆ ಎಂದರು. ಕುಚ್ಚು ತೆಗೆದ ಜಾಗಕ್ಕೆ ಹೊಲಿಗೆ ಹಾಕದೆ ತೆರೆದೇ ಬಿಟ್ಟಿದ್ದರು, ಆ ಜಾಗದಲ್ಲಿ ಹೊಲಿದರೆ ಕೀವಾಗುವ ಅಪಾಯವಿರುತ್ತದಂತೆ. ತೆರೆದ ಗಾಯ ತಳದಿಂದ ಮೇಲಕ್ಕೆ ತುಂಬಿಕೊಂಡು ಬರಬೇಕು, ಅದಕ್ಕೆ ಹಿಡಿಯುವಷ್ಟು ಕಾಲ ಹಿಡಿಯುತ್ತದೆ. ಜ್ವರ, ಕೀವು, ಹೆಚ್ಚುತ್ತಾ ಹೋಗುವ ಊತ, ನಿಲ್ಲದ ರಕ್ತ, ಮೂತ್ರ ಕಟ್ಟುವುದು, ಇವುಗಳಲ್ಲಿ ಯಾವುದಿದ್ದರೂ ಅದೇ ದಿನ ಓಡಿ ಬರಬೇಕಿತ್ತು, ನನಗೆ ಯಾವುದೂ ಇರಲಿಲ್ಲ. “ಹಾಗಾದರೆ ಎರಡು ಗಂಟೆ ಯಾಕೆ ನೋಯುತ್ತೆ ಡಾಕ್ಟ್ರೇ?” ಎಂದು ಕೇಳಿದೆ. ಅವರು ಹೇಳಿದ ಉತ್ತರವೇ ನನ್ನ ಮುಂದಿನ ಎಂಟು ವಾರಗಳನ್ನು ಬದಲಾಯಿಸಿದ್ದು. ಕೊಯ್ದದ್ದು ನನ್ನ ಮಾತು ಕೇಳದ ಒಳಸ್ನಾಯುವನ್ನು, ಅದು ಈಗ ಸಡಿಲವಾಗಿಯೇ ಇದೆ. ಬಿಗಿದುಕೊಂಡಿರುವುದು ನನ್ನ ಮಾತು ಕೇಳುವ ಹೊರಸ್ನಾಯು ಮತ್ತು ಕಟಿಯ ತಳದಲ್ಲಿ ಜೋಳಿಗೆಯ ಹಾಗೆ ಹರಡಿರುವ ಸ್ನಾಯುಗಳು. ಎರಡು ವರ್ಷ ನೋವಿಗೆ ಹೆದರಿ ಹೆದರಿ ಅವು ಬಿಗಿದುಕೊಳ್ಳುವುದನ್ನೇ ಅಭ್ಯಾಸ ಮಾಡಿಕೊಂಡಿವೆ. ಅದು ಗಾಯದ ನೋವಲ್ಲ, ಸ್ನಾಯು ಹಿಡಿದುಕೊಂಡ ನೋವು. ಅದಕ್ಕೆ ಕತ್ತರಿ ಬೇಕಿಲ್ಲ, ಕಲಿಕೆ ಬೇಕು ಎಂದು ಅವರು ಕಟಿತಳದ ಸ್ನಾಯುಗಳ ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿಗೆ ಕಳುಹಿಸಿದರು.

ಆಕೆ ನನಗಿಂತ ಹದಿನೈದು ವರ್ಷ ಚಿಕ್ಕವರು, ಕಲಿಸುವುದರಲ್ಲಿ ನನಗಿಂತ ತಾಳ್ಮೆಯವರು. ಅಂಗಾತ ಮಲಗಿ ಮಂಡಿಗಳನ್ನು ಮಡಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು, ಎದೆಯಿಂದಲ್ಲದೆ ಹೊಟ್ಟೆಯಿಂದ ಉಸಿರೆಳೆಯಬೇಕು. ಹೊಟ್ಟೆ ಉಬ್ಬುವಾಗ ಕಟಿಯ ತಳವೂ ಸ್ವಲ್ಪ ಕೆಳಗಿಳಿದು ಅರಳುತ್ತದೆ, ಅದನ್ನು ಒಳಗಿನಿಂದ ಗುರುತಿಸಬೇಕು. ಎರಡು ದಿನ ನನಗೆ ಏನೂ ಗೊತ್ತಾಗಲಿಲ್ಲ. ಮೂರನೆಯ ದಿನ, ಮುಷ್ಟಿಯ ಒಂದು ಬೆರಳು ಬಿಚ್ಚಿದಷ್ಟು ಸಡಿಲವಾದದ್ದು ತಿಳಿಯಿತು, ಮತ್ತು ಆಗಲೇ ನಾನು ದಿನವಿಡೀ, ಪಾಠ ಮಾಡುವಾಗ, ಮೆಟ್ರೋದಲ್ಲಿ ನಿಂತಾಗ, ಸಾರಿಗೆ ಒಗ್ಗರಣೆ ಹಾಕುವಾಗಲೂ ಅದನ್ನು ಬಿಗಿ ಹಿಡಿದೇ ಇದ್ದೆನೆಂಬುದೂ ತಿಳಿಯಿತು. ಶೌಚದಲ್ಲಿ ತಿಣುಕಬಾರದು, ಐದು ನಿಮಿಷಕ್ಕಿಂತ ಹೆಚ್ಚು ಕೂರಬಾರದು, ಬಾರದಿದ್ದರೆ ಎದ್ದು ಬಂದು ಮತ್ತೆ ಕರೆ ಬಂದಾಗ ಹೋಗಬೇಕು. ನಮ್ಮ ಬಾಡಿಗೆ ಮನೆಯಲ್ಲಿರುವುದು ವೆಸ್ಟರ್ನ್ ಕಮೋಡ್; ಅದರ ಮುಂದೆ ಊಟದ ಮಣೆಗಿಂತ ಸ್ವಲ್ಪ ಎತ್ತರದ ಒಂದು ಸ್ಟೂಲನ್ನಿಟ್ಟು, ಕಾಲು ಅದರ ಮೇಲಿಟ್ಟು ಮುಂದಕ್ಕೆ ಬಾಗಿದರೆ ಕರುಳಿನ ಕೊನೆಯ ತಿರುವು ನೇರವಾಗುತ್ತದೆ. ಚಾಮರಾಜಪೇಟೆಯ ನಮ್ಮ ಅಮ್ಮನ ಮನೆಯ ಹಳೆಯ ಕಕ್ಕಸಿನಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಿದ್ದ ನಮಗೆ ಅದು ಮೊದಲು ತಾನಾಗಿಯೇ ಆಗುತ್ತಿತ್ತು. ಗಾಳಿ ತುಂಬುವ ಉಂಗುರದ ದಿಂಬನ್ನು ಆಕೆ ಬೇಡವೆಂದರು, ನಡುವೆ ಆಧಾರವಿಲ್ಲದೆ ಗಾಯದ ಅಂಚು ಎಳೆಯುತ್ತದೆ ಎಂದು. ಮಡಿಸಿದ ಹಳೆಯ ಕಂಬಳಿಯೇ ಸಾಕಾಯಿತು.

ಊಟವನ್ನು ಮತ್ತೆ ಸರಿಯಾಗಿ ಶುರುಮಾಡಿದೆ. ಅವರೆಕಾಯಿಯ ಕಾಲ, ವಿ.ವಿ. ಪುರದ ಕಡೆ ಹೋದರೆ ಗಾಳಿಯಲ್ಲಿಯೇ ಸೊಗಡಿನ ವಾಸನೆ. ಹೊಟ್ಟೆ ಉಬ್ಬರಿಸುವುದೆಂದು ಹಿತಕಿದ ಬೇಳೆಯನ್ನು ಸ್ವಲ್ಪವೇ ತಿಂದೆ, ಆದರೆ ದಂಟಿನ ಸೊಪ್ಪು, ಹೀರೇಕಾಯಿ, ಪಪ್ಪಾಯಿ, ಬೇಯಿಸಿದ ಗೆಣಸು, ಮಧ್ಯಾಹ್ನಕ್ಕೆ ಮುದ್ದೆ ಬಸ್ಸಾರು ತಪ್ಪಿಸಲಿಲ್ಲ. ದಿನಕ್ಕೆ 25ರಿಂದ 35 ಗ್ರಾಂ ನಾರು ಎನ್ನುತ್ತಾರೆ. ಗ್ರಾಂ ಲೆಕ್ಕ ನನ್ನಿಂದಾಗದು, ತಟ್ಟೆಯ ಅರ್ಧ ಭಾಗ ತರಕಾರಿ ಸೊಪ್ಪು ಇರುವಂತೆ ನೋಡಿಕೊಂಡೆ. ಇಸಬ್ಗೋಲ್ ವಿಷಯದಲ್ಲಿಯೂ ಒಂದು ಮಾತು: ಅದು ನೀರನ್ನು ಹೀರಿ ಉಬ್ಬಿ ಮಲವನ್ನು ಮೆದುವಾಗಿಸುವಂಥದ್ದು, ಜೊತೆಗೆ ನೀರು ಸಾಲದಿದ್ದರೆ ತಾನೇ ಕಟ್ಟಿಕೊಳ್ಳುತ್ತದೆ. ಶಾಲೆಗೆ ಎರಡು ಬಾಟಲಿ ಒಯ್ಯತೊಡಗಿದೆ, ಎರಡನ್ನೂ ಮುಗಿಸತೊಡಗಿದೆ. ಮುಖ್ಯೋಪಾಧ್ಯಾಯಿನಿಯವರ ಬಳಿ ಹೋಗಿ, ಶಿಕ್ಷಕಿಯರ ಶೌಚಾಲಯಕ್ಕೆ ಮಧ್ಯಾಹ್ನದ ಮೇಲೂ ನೀರು ಬರುವಂತೆ ಒಂದು ಡ್ರಮ್ ಇಡಿಸಿ ಎಂದು ಕೇಳಿದೆ. ಕಾರಣವನ್ನೂ ಹೇಳಿದೆ, ಇದ್ದದ್ದನ್ನು ಇದ್ದ ಹಾಗೆ. ನನ್ನ ದನಿ ನಡುಗಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ತಂಗಿಗೂ ಆಗಿತ್ತು” ಎಂದರು. ಮರುವಾರ ಡ್ರಮ್ ಬಂತು.

ನೋಟ್‌ಬುಕ್ಕಿನಲ್ಲಿ ಬರೆಯುವ ಕ್ರಮವನ್ನೂ ಬದಲಾಯಿಸಿದೆ. ನಿನ್ನೆಗೂ ಇಂದಿಗೂ ಹೋಲಿಸಿದರೆ ಈ ಗಾಯ ಮನುಷ್ಯರನ್ನು ಹುಚ್ಚು ಹಿಡಿಸುತ್ತದೆ. ಒಂದು ದಿನದ ಸ್ವಲ್ಪ ಗಟ್ಟಿಯಾದ ಮಲ, ಒಂದು ಮದುವೆಯ ಊಟ, ಒಂದು ನಿದ್ದೆಗೆಟ್ಟ ರಾತ್ರಿ ಸಾಕು, ಅಂಕಿ ಮೇಲೆ ಹಾರುತ್ತದೆ. ಆದ್ದರಿಂದ ಭಾನುವಾರ ಮಾತ್ರ ಏಳು ದಿನಗಳನ್ನು ಕೂಡಿಸಿ ಏಳರಿಂದ ಭಾಗಿಸಿ, ಆ ಒಂದು ಅಂಕಿಯನ್ನು ಹಿಂದಿನ ಭಾನುವಾರದ ಅಂಕಿಯ ಪಕ್ಕದಲ್ಲಿ ಬರೆದೆ. ಎಂಟನೆಯ ವಾರ 110 ನಿಮಿಷ. ಒಂಬತ್ತನೆಯದು 70. ಹತ್ತನೆಯದು ಸಂಕ್ರಾಂತಿಯ ಓಡಾಟ ಮುಗಿದ ಮೇಲಿನ ವಾರ, 80. ಹಿಂದಿನ ಕ್ರಮದಲ್ಲಿದ್ದಿದ್ದರೆ ಆ ಹತ್ತು ನಿಮಿಷಗಳಿಗೆ ನಾನು ಒಂದು ರಾತ್ರಿ ಅಳುತ್ತಿದ್ದೆ. ಹನ್ನೊಂದನೆಯ ವಾರ 35. ಹನ್ನೆರಡನೆಯ ವಾರದ ಒಂದು ಬುಧವಾರದ ಮನೆಯಲ್ಲಿ ಏನನ್ನೂ ಬರೆದಿಲ್ಲ. ಬರೆಯಲು ಮರೆತಿದ್ದೆ, ಮರೆಯುವಷ್ಟು ಕಡಿಮೆ ನೋವಾಗಿತ್ತೆಂದು ಗುರುವಾರ ಹೊಳೆಯಿತು.

ಈ ನಡುವೆ, ಜನವರಿಯ ಕೊನೆಯಲ್ಲಿ, ನಮ್ಮ ಶಾಲೆಯ ಆಯಾ ಒಂದು ಸಂಜೆ ಸ್ಟಾಫ್ ರೂಮ್ ಗುಡಿಸುತ್ತಾ ನನ್ನ ಕುರ್ಚಿಯ ಮೇಲಿನ ಕಂಬಳಿಯನ್ನು ಎತ್ತಿ, ಕೊಡವಿ, ಮಡಿಕೆ ಕೆಡದಂತೆ ಮತ್ತೆ ಅಲ್ಲಿಯೇ ಇಟ್ಟರು. ಆಮೇಲೆ ಪೊರಕೆಯನ್ನು ಗೋಡೆಗೆ ಒರಗಿಸಿ, “ಮಿಸ್, ಒಂದು ಮಾತು ಕೇಳ್ಲಾ? ಬೇಜಾರ್ ಮಾಡ್ಕೋಬೇಡಿ” ಎಂದರು. ಕೇಳಿ ಎಂದೆ. “ನೀವು ಕೂರೋದು ಏಳೋದು ನೋಡ್ತಾ ಇದೀನಿ. ನನಗೂ ಹಂಗೇ. ಎಂಟು ವರ್ಷ ಆಯ್ತು. ನಮ್ಮ ಕಡೆ ಒಬ್ರು ಔಷ್ದಿ ಕೊಡ್ತಾರೆ, ತಗೊಂಡಾಗ ನಿಲ್ಲುತ್ತೆ, ಆಮೇಲೆ ಅದೇ.” ಮೂಲವ್ಯಾಧಿ ಎಂದು ಅವರೇ ತೀರ್ಮಾನಿಸಿಕೊಂಡಿದ್ದರು. ಮೂರು ಮಹಡಿಗಳನ್ನು ದಿನಕ್ಕೆ ಎರಡು ಸಲ ಗುಡಿಸಿ ಒರೆಸುವ ಆಕೆ ಎಂಟು ವರ್ಷ ಯಾವ ವೈದ್ಯರಿಗೂ ತೋರಿಸಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ. ನಾನು ನನ್ನದನ್ನು ಮೊದಲಿನಿಂದ ಹೇಳಿದೆ. ಆ ದಿನ ನಾವಿಬ್ಬರೂ ಎದುರುಬದುರು ನಿಂತುಕೊಂಡೇ ಮುಕ್ಕಾಲು ಗಂಟೆ ಮಾತಾಡಿದೆವು. ಮನೆಗೆ ಹೋಗುವಾಗ ಮೆಟ್ರೋದಲ್ಲಿ ನನ್ನ ಕಟಿಯ ತಳ ತಾನಾಗಿಯೇ ಸಡಿಲವಾಗಿದ್ದುದು ಗಮನಕ್ಕೆ ಬಂತು. ಉಸಿರಿನ ಅಭ್ಯಾಸವನ್ನು ನಾನು ಆಗ ಮಾಡುತ್ತಿರಲಿಲ್ಲ.

ಫೆಬ್ರವರಿಯ ಒಂದು ಶನಿವಾರ ಮಧ್ಯಾಹ್ನ ಅವರನ್ನು ನನ್ನ ವೈದ್ಯೆಯ ಬಳಿಗೆ ಕರೆದುಕೊಂಡು ಹೋದೆ. ಅವರದ್ದೂ ಹಳೆಯ ಬಿರುಕೇ. ಸದ್ಯಕ್ಕೆ ಮುಲಾಮು, ಸಿರಪ್, ಬಿಸಿನೀರು, ಆರು ವಾರ ನೋಡೋಣ, ಆಪರೇಷನ್ನಿನ ಮಾತು ಆಮೇಲೆ ಎಂದರು. ಹೊರಗೆ ಬಂದ ಮೇಲೆ ಆಕೆ ಚೀಟಿಯನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡು, “ಮುಲಾಮು ಸರಿ ಮಿಸ್. ದಿನಕ್ಕೆ ಮೂರು ಸಲ ನೀರು ಕಾಯ್ಸಿದ್ರೆ ಗ್ಯಾಸ್ ಎಲ್ಲಿಂದ ತರ್ಲಿ? ನಮ್ಮ ವಠಾರದಲ್ಲಿ ನಾಲ್ಕು ಮನೆಗೆ ಒಂದೇ ಬಚ್ಚಲು, ಹದಿನೈದು ನಿಮಿಷ ಕೂತ್ರೆ ಬಾಗಿಲು ಬಡೀತಾರೆ” ಎಂದರು. ನನ್ನ ಬಚ್ಚಲು, ನನ್ನ ಗೀಸರ್, ಐದೂವರೆಗೆ ಎದ್ದು ಟಬ್ಬು ತುಂಬಿಸುವ ನನ್ನ ಗಂಡ, ಇವೆಲ್ಲ ನನ್ನ ಚಿಕಿತ್ಸೆಯ ಭಾಗವಾಗಿದ್ದವು ಎಂಬುದು ಅಲ್ಲಿಯ ತನಕ ನನಗೆ ತೋರಿರಲಿಲ್ಲ.

ಶಾಲೆಯ ಸಿಕ್ ರೂಮಿಗೆ ಹೊಂದಿಕೊಂಡು ಒಂದು ಸಣ್ಣ ಬಚ್ಚಲಿದೆ. ಮುಖ್ಯೋಪಾಧ್ಯಾಯಿನಿಯವರನ್ನು ಕೇಳಿ ಅದರ ಬೀಗದ ಕೈ ಇಸಿದುಕೊಂಡೆ. ಅಲ್ಲಿನ ಬೀರುವಿನ ಮೇಲೆ ಈಗ ಒಂದು ನೀಲಿ ಟಬ್ಬು ಇದೆ, ಕೆಳಗಿನ ಖಾನೆಯಲ್ಲಿ ನೀರು ಕಾಯಿಸುವ ಒಂದು ಕೆಟಲ್. ಬೆಳಿಗ್ಗೆ ಒಂದು ಸಲ ಆಕೆ ಮನೆಯಲ್ಲಿಯೇ ನಿಭಾಯಿಸುತ್ತಾರೆ. ಸಂಜೆ ನಾಲ್ಕಕ್ಕೆ ಬೆಲ್ ಹೊಡೆದು ಮಕ್ಕಳು ಹೋದ ಮೇಲೆ ಕೆಟಲ್ ಹಾಕಿ, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿ, ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾರೆ. ನಾನು ಹೊರಗೆ ಒಂದು ಮರದ ಕುರ್ಚಿ ಹಾಕಿಕೊಂಡು, ಕಂಬಳಿಯಿಲ್ಲದೆ, ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಾ ಕುಳಿತಿರುತ್ತೇನೆ. ಯಾರಾದರೂ ಬಂದರೆ ಇನ್ನೂ ಹತ್ತು ನಿಮಿಷ ಎನ್ನುತ್ತೇನೆ.